ಬೆಟ್ಟಕ್ಕೆ ಹೊರಡುವ ಮುನ್ನ ಹಲ್ಲು ಎಣಿಸಿ

ಪೀಣ್ಯದಲ್ಲಿ ಬೆಲ್ಟಿನ ಹಳೇ ಲೇತು ಇನ್ನೂ ಓಡುತ್ತಿರುವ ವರ್ಕ್‌ಶಾಪು ಸಿಕ್ಕರೆ ಸ್ವಲ್ಪ ಹೊತ್ತು ನಿಂತು ನೋಡಿ. ಸಣ್ಣ ಶಾಫ್ಟು ಬಂದಾಗ ಟರ್ನರ್ ಸರಸರನೆ ಕೆಲಸ ಮುಗಿಸುತ್ತಾನೆ. ದಪ್ಪನೆಯ ಜಾಬು ಚಕ್ಕಿಗೆ ಕಟ್ಟಿದಾಗ, ಇಲ್ಲವೇ ಮರೆ (ಥ್ರೆಡ್) ಕೊಯ್ಯಬೇಕಾದಾಗ, ಯಾರೂ ಹೇಳದೆಯೇ ಅವನ ಕೈ ಬ್ಯಾಕ್ ಗೇರಿನ ಕಡೆ ಹೋಗುತ್ತದೆ. ಸುತ್ತು ಇಳಿಯುತ್ತದೆ, ಎಳೆತ ಏರುತ್ತದೆ, ಟೂಲು ಮುರಿಯದೆ ಲೋಹ ಸುರುಳಿಸುರುಳಿಯಾಗಿ ಬಿಟ್ಟುಕೊಡುತ್ತದೆ. ‘ಇವನಿಗೆ ತಾಕತ್ತಿಲ್ಲ, ಬ್ಯಾಕ್ ಗೇರ್ ಹಾಕಿದ’ ಎಂದು ಪಕ್ಕದ ಮೆಷಿನ್ನಿನವನು ನಗುವುದಿಲ್ಲ. ಹಾಕದಿದ್ದರೆ ಸೂಪರ್‌ವೈಸರ್ ಬೈಯುತ್ತಾನೆ.

ಇದೇ ಮಂದಿ ಭಾನುವಾರ ಬೆಳಗ್ಗೆ ರೋಡ್ ಬೈಕ್ ಹತ್ತಿದ ಮೇಲೆ ಲೆಕ್ಕವೇ ಬೇರೆಯಾಗುತ್ತದೆ. ಏರಿನಲ್ಲಿ ಕಾಲು ಕಟ್ಟಿಹೋಗಿ, ಹ್ಯಾಂಡಲ್ ಮೇಲೆ ಬಿದ್ದು, ಹಾವಿನಂತೆ ರಸ್ತೆಯ ಅಡ್ಡಡ್ಡ ತುಳಿಯುತ್ತಿದ್ದರೂ ‘ಹಿಂದೆ ದೊಡ್ಡ ಹಲ್ಲಿನ ಕ್ಯಾಸೆಟ್ ಹಾಕಿಸಿಕೊಳ್ಳಪ್ಪಾ’ ಎಂದರೆ ಮುಖ ಸಣ್ಣದಾಗುತ್ತದೆ. (ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲಿಗೆ ಕ್ಯಾಸೆಟ್ ಎನ್ನುತ್ತಾರೆ.) ‘ಕಾಲಿಗೆ ಇನ್ನೂ ಅಭ್ಯಾಸ ಆಗ್ಬೇಕು, ಅಷ್ಟೇ’ ಎಂಬ ಉತ್ತರ. ಮೆಷಿನ್ನಿಗೆ ಒಂದು ನ್ಯಾಯ, ಮಂಡಿಗೆ ಒಂದು ನ್ಯಾಯ. ಈ ಲೇಖನದ ತಕರಾರು ಇಷ್ಟೆ.

ಪೀಣ್ಯದ ಪಕ್ಕದ ಬಾಗಲಗುಂಟೆ ಸೈಕಲ್ ಸವಾರರಿಗೆ ಒಳ್ಳೆಯ ಜಾಗ ಎಂದು ಹೊರಗಿನವರಿಗೆ ಹೇಳಿದರೆ ನಂಬಲಿಕ್ಕಿಲ್ಲ. ಒಂದು ಕಡೆ ತುಮಕೂರು ರಸ್ತೆಯ ಲಾರಿಗಳು, ಇನ್ನೊಂದು ಕಡೆ ಹೆಸರಘಟ್ಟ ಮುಖ್ಯರಸ್ತೆಯ ನೂಕುನುಗ್ಗಲು, ನಡುವೆ ಶಿಫ್ಟಿಗೆ ಓಡುವವರ ಸ್ಕೂಟರುಗಳು. ಆದರೆ ಬೆಳಗಿನ ಐದು ಗಂಟೆಗೆ ಎಂಟನೇ ಮೈಲಿ ಕಡೆಯಿಂದ ಹೆಲ್ಮೆಟ್ಟು, ಕೆಂಪು ದೀಪ ಮಿಣುಕಿಸಿಕೊಂಡು ಬರುವ ಗುಂಪುಗಳನ್ನು ನೋಡಬೇಕು. ಸಿಡೇದಹಳ್ಳಿ, ಚಿಕ್ಕಬಾಣಾವರದ ಕಡೆಯವರು ಸೇರಿಕೊಂಡು ಸೋಲದೇವನಹಳ್ಳಿ ದಾಟಿದರೆ ಹೆಸರಘಟ್ಟ. ಅಲ್ಲಿಂದ ರಾಜಾನುಕುಂಟೆ, ದೊಡ್ಡಬಳ್ಳಾಪುರದ ಮೇಲೆ ನಂದಿ. ಒಟ್ಟು ಐವತ್ತು ಕಿಲೋಮೀಟರಿನ ಆಸುಪಾಸು. ಅರ್ಕಾವತಿ ಹುಟ್ಟುವುದು ನಂದಿ ಬೆಟ್ಟದಲ್ಲಿ. ಅದರ ನೀರನ್ನೇ ಹೆಸರಘಟ್ಟದಲ್ಲಿ ಕಟ್ಟಿ, 1890ರ ದಶಕದಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲಕ್ಕೆ, ಬೆಂಗಳೂರಿನ ನಲ್ಲಿಗೆ ಹರಿಸಿದ್ದು. ನಮ್ಮ ಸವಾರರು ಭಾನುವಾರ ಮಾಡುವುದು ಒಂದರ್ಥದಲ್ಲಿ ಆ ನೀರಿನ ದಾರಿಯನ್ನು ತಿರುವುಮುರುವಾಗಿ ತುಳಿಯುವ ಕೆಲಸ. ನೀರಿಗೆ ಇಳಿಜಾರು, ಇವರಿಗೆ ಏರು.

ಬೆಟ್ಟದ ಬುಡದವರೆಗೆ ಯಾವ ಗೇರಾದರೂ ನಡೆಯುತ್ತದೆ. ಅಲ್ಲಲ್ಲಿ ಏರಿಳಿತ, ದ್ರಾಕ್ಷಿ ತೋಟ, ಎದುರುಗಾಳಿ, ಅಷ್ಟೇ. ಕಾರಹಳ್ಳಿ ಕ್ರಾಸ್ ಕಳೆದು ಏರು ಶುರುವಾದ ಮೇಲೆ ಏಳೆಂಟು ಕಿಲೋಮೀಟರಿನಲ್ಲಿ ನಾನೂರು ಮೀಟರಿಗೂ ಮೇಲೆ ಹತ್ತಬೇಕು. ತುದಿ ಸಮುದ್ರಮಟ್ಟದಿಂದ 1,478 ಮೀಟರ್. ಸರಾಸರಿ ಹಾಕಿದರೆ ನೂರು ಮೀಟರಿಗೆ ಐದಾರು ಮೀಟರಿನ ಏರು ಬರುತ್ತದೆ. ಆದರೆ ಸರಾಸರಿ ಎಂಬುದು ಬೆಟ್ಟದಲ್ಲಿ ದೊಡ್ಡ ಸುಳ್ಳುಗಾರ. ಮೊದಲರ್ಧ ಮೆತ್ತಗೆ ಮಾತಾಡಿಸುತ್ತದೆ. ‘ಇಷ್ಟೇನಾ’ ಎಂದು ಸವಾರ ದೊಡ್ಡ ಗೇರಿನಲ್ಲೇ ನುಗ್ಗುತ್ತಾನೆ. ಕೊನೆಯ ಮೂರು-ನಾಲ್ಕು ಕಿಲೋಮೀಟರಿನಲ್ಲಿ ತಿರುವಿನ ಮೇಲೆ ತಿರುವು, ಒಳಬದಿಯಲ್ಲಿ ರಸ್ತೆ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಆಗ ಎಡ ಲಿವರು, ಬಲ ಲಿವರು ಒತ್ತಿ ಒತ್ತಿ ನೋಡಿದರೆ ಗೇರು ಮುಗಿದಿರುತ್ತದೆ, ಬೆಟ್ಟ ಮುಗಿದಿರುವುದಿಲ್ಲ.

ಒಂದಿಷ್ಟು ಲೆಕ್ಕ ಮಾಡೋಣ; ಇದು ಪೀಣ್ಯದ ಓದುಗರಿಗೆ ಹೊಸದಲ್ಲ. ಮುಂದಿನ ಹಲ್ಲುಚಕ್ರದ ಹಲ್ಲನ್ನು ಹಿಂದಿನದರ ಹಲ್ಲಿನಿಂದ ಭಾಗಿಸಿದರೆ ಪೆಡಲಿನ ಒಂದು ಸುತ್ತಿಗೆ ಚಕ್ರ ಎಷ್ಟು ಸುತ್ತು ತಿರುಗುತ್ತದೆಂದು ಗೊತ್ತಾಗುತ್ತದೆ. ರೋಡ್ ಬೈಕಿನ ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ಹಳೆಯ ರೇಸಿಂಗ್ ಜೋಡಣೆಯಲ್ಲಿ ಮುಂದೆ ಚಿಕ್ಕದು 39, ಹಿಂದೆ ದೊಡ್ಡದು 25 ಹಲ್ಲು. ಅಂದರೆ ಅತಿ ಹಗುರ ಗೇರಿನಲ್ಲೂ ಒಂದು ತುಳಿತಕ್ಕೆ 3.28 ಮೀಟರ್ ಹೋಗಲೇಬೇಕು. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ, ಮುಂದೆ 50 ಮತ್ತು 34 ಹಲ್ಲಿನ ಎರಡು ರಿಂಗಿರುವ 50-34 ಕ್ರ್ಯಾಂಕಿಗೆ ಹಿಂದೆ 28 ಇದ್ದರೆ 2.55 ಮೀಟರ್. ಹಿಂದೆ 34 ಹಾಕಿದರೆ ಮುಂದೆಯೂ 34, ಹಿಂದೆಯೂ 34: ಒಂದಕ್ಕೆ ಒಂದು, 2.1 ಮೀಟರ್.

ಸವಾರ, ಸೈಕಲ್ಲು, ನೀರಿನ ಬಾಟಲಿ, ಜೇಬಿನ ಬಾಳೆಹಣ್ಣು ಎಲ್ಲ ಸೇರಿ 85 ಕಿಲೋ ಎಂದಿಟ್ಟುಕೊಳ್ಳಿ. ನೂರಕ್ಕೆ ಏಳರ ಏರಿನಲ್ಲಿ ಗಂಟೆಗೆ 8 ಕಿಲೋಮೀಟರ್ ವೇಗಕ್ಕೆ ಕಾಲಿನಿಂದ ಸುಮಾರು 145 ವಾಟ್ ಬರಬೇಕು. ನಿತ್ಯ ತುಳಿಯುವ ಸಾಧಾರಣ ಸವಾರನಿಗೆ ಮುಕ್ಕಾಲು ಗಂಟೆ ಇದು ಕಷ್ಟವಾದರೂ ಸಾಧ್ಯವಾದ ಕೆಲಸ. ಆದರೆ 39-25ರಲ್ಲಿ ಆ ವೇಗಕ್ಕೆ ಕಾಲು ನಿಮಿಷಕ್ಕೆ 41 ಸುತ್ತು ಮಾತ್ರ ತಿರುಗುತ್ತದೆ. ಪೆಡಲಿನ ಮೇಲೆ ಬೀಳಬೇಕಾದ ಸರಾಸರಿ ಒತ್ತು ಸುಮಾರು 20 ಕಿಲೋ ತೂಕದಷ್ಟು. ಒಂದು ಸುತ್ತಿನಲ್ಲಿ ಪೆಡಲ್ ಮೇಲೂ ಕೆಳಗೂ ಇರುವ ಗಳಿಗೆಯಲ್ಲಿ ಒತ್ತು ಬೀಳುವುದೇ ಇಲ್ಲವಾದ್ದರಿಂದ ನಡುವಿನ ಹೊಡೆತ ಅದರ ಇಮ್ಮಡಿಯ ಹತ್ತಿರಕ್ಕೆ ಹೋಗುತ್ತದೆ. 34-34ರಲ್ಲಿ ಅದೇ ವೇಗಕ್ಕೆ 63 ಸುತ್ತು, ಸರಾಸರಿ ಒತ್ತು 13 ಕಿಲೋ. ಮೇಲೆ ಮುಟ್ಟಲು ಬೇಕಾದ ಒಟ್ಟು ಕೆಲಸ ಎರಡಕ್ಕೂ ಒಂದೇ, ಗೇರು ಅದರಲ್ಲಿ ಒಂದು ಪೈಸೆಯನ್ನೂ ಮಾಫಿ ಮಾಡುವುದಿಲ್ಲ. ಕಂತು ಮಾತ್ರ ಸಣ್ಣದಾಗುತ್ತದೆ. ತೊಡೆ, ಮಂಡಿಚಿಪ್ಪು ಕೇಳುವುದು ಅಷ್ಟನ್ನೇ.

ಇದಕ್ಕೆ ಎದುರಾಗಿ ಇನ್ನೊಂದು ಲೆಕ್ಕವನ್ನೂ ಇಡುತ್ತೇನೆ, ಯಾಕೆಂದರೆ ದುಡ್ಡು ಹೋಗುವುದು ಅಲ್ಲಿ. ಸೈಕಲ್ಲಿನ ತೂಕವನ್ನು ಒಂದು ಕಿಲೋ ಇಳಿಸಲು ಕಾರ್ಬನ್ ಚಕ್ರ, ಕಾರ್ಬನ್ ಸೀಟ್‌ಪೋಸ್ಟ್ ಎಂದು ಹತ್ತಾರು ಸಾವಿರ ಸುರಿಯುವವರಿದ್ದಾರೆ. 85ರಲ್ಲಿ ಒಂದು ಕಿಲೋ ಎಂದರೆ ನೂರಕ್ಕೆ ಒಂದು ಚಿಲ್ಲರೆ. ಐವತ್ತು ನಿಮಿಷದ ಏರಿನಲ್ಲಿ ಉಳಿಯುವುದು ಅರ್ಧ ನಿಮಿಷದ ಆಸುಪಾಸು. 28ರ ಜಾಗದಲ್ಲಿ 34 ಹಲ್ಲು ಕೂತರೆ ಅದೇ ವೇಗದಲ್ಲಿ ಪ್ರತಿ ತುಳಿತದ ಭಾರ ನೂರಕ್ಕೆ 18ರಷ್ಟು ಇಳಿಯುತ್ತದೆ. ಆದರೂ ಗೆಳೆಯರ ನಡುವೆ ಕಾರ್ಬನ್ ಚಕ್ರದ ಫೋಟೊ ಓಡಾಡುತ್ತದೆ, ಕ್ಯಾಸೆಟ್ಟಿನದು ಓಡಾಡುವುದಿಲ್ಲ.

ಈ ನಾಚಿಕೆ ನಮ್ಮೂರಿನದಲ್ಲ, ಆಮದಾದದ್ದು. ನೂರಿಪ್ಪತ್ತು ವರ್ಷ ಹಳೆಯದು. 1902ರಲ್ಲಿ ಫ್ರಾನ್ಸಿನ ಟೂರಿಂಗ್ ಕ್ಲಬ್ ಬೆಟ್ಟದ ದಾರಿಯಲ್ಲಿ ಸೈಕಲ್ಲುಗಳ ಪರೀಕ್ಷೆ ಇಟ್ಟಿತ್ತು. ಮಾರ್ಥ್ ಹೆಸ್ ಎಂಬ ಮಹಿಳೆ ಮೂರು ಗೇರಿನ ಸೈಕಲ್ಲಿನಲ್ಲಿ ಬಂದರು. ಎದ್ವಾರ್ ಫಿಶರ್ ಎಂಬ ಹೆಸರಾಂತ ಸ್ಪರ್ಧಿಯದು ಒಂದೇ ಗೇರಿನ ಸೈಕಲ್ಲು. ಆಕೆ ಎಲ್ಲೂ ಇಳಿಯದೆ ಏರಿ ಅವನನ್ನು ಹಿಂದೆ ಹಾಕಿದರು. ಮರುವರ್ಷ ಟೂರ್ ಡಿ ಫ್ರಾನ್ಸ್ ಹುಟ್ಟುಹಾಕಲಿದ್ದ ಪತ್ರಕರ್ತ ಆನ್ರಿ ದೆಗ್ರಾಂಜ್‌ಗೆ ಇದು ಗಂಟಲಿಗೆ ಇಳಿಯಲಿಲ್ಲ. ಗೇರು ಬದಲಿಸುವ ಸಾಧನ ನಲವತ್ತೈದು ದಾಟಿದವರಿಗಿರಲಿ, ಯಂತ್ರದ ಉಪಾಯಕ್ಕಿಂತ ತೋಳ್ಬಲ-ಕಾಲ್ಬಲದ ಗೆಲುವೇ ಮೇಲು ಎಂಬರ್ಥದಲ್ಲಿ ಬರೆದ. ಬರೆದದ್ದಷ್ಟೇ ಅಲ್ಲ, ತನ್ನ ರೇಸಿನಲ್ಲಿ ಚೈನನ್ನು ಹಲ್ಲಿನಿಂದ ಹಲ್ಲಿಗೆ ಸರಿಸುವ ಡಿರೈಲರ್ ಬಾರದಂತೆ ಕಾದ. 1937ರವರೆಗೆ ಟೂರ್‌ ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ಇನ್ನೊಂದು ಮಗ್ಗುಲಿನ ದೊಡ್ಡ ಹಲ್ಲಿಗೆ ತಿರುಗಿಸಿ ಹಾಕಿಕೊಂಡು ಏರುತ್ತಿದ್ದರು. ಬೆಟ್ಟಕ್ಕೆ ಬೇರೆ ಗೇರು ಬೇಕೆಂದು ಎಲ್ಲರಿಗೂ ಗೊತ್ತಿತ್ತು. ಸುಲಭವಾಗಿ ಸಿಗಬಾರದು ಎಂಬುದೊಂದೇ ಹಟ.

ಈಗ ನೋಡಿ. 2023ರ ಇಟಲಿಯ ಜೀರೋ ರೇಸಿನಲ್ಲಿ ಮೊಂಟೆ ಲುಸ್ಸಾರಿ ಎಂಬ ಕಡಿದಾದ ಬೆಟ್ಟಕ್ಕೆ ಒಬ್ಬೊಬ್ಬರಾಗಿ ಏರುವ ಹಂತವಿತ್ತು. ಸ್ಲೊವೇನಿಯಾದ ಪ್ರಿಮೋಜ್ ರೋಗ್ಲಿಚ್ ಮುಂದೆ 42 ಹಲ್ಲಿನ ಒಂದೇ ರಿಂಗು, ಹಿಂದೆ 44 ಹಲ್ಲಿನವರೆಗೆ ಹೋಗುವ ಕ್ಯಾಸೆಟ್ಟು ಹಾಕಿಸಿಕೊಂಡು ಬಂದ. ಅಂದರೆ ಒಂದಕ್ಕೆ ಒಂದಕ್ಕಿಂತಲೂ ಹಗುರ. ನಡುದಾರಿಯಲ್ಲಿ ಚೈನು ಕಳಚಿತು, ಇಳಿದು ಹಾಕಿಕೊಂಡ, ಆದರೂ ಆ ಹಂತವನ್ನು ಗೆದ್ದ; ಇಡೀ ಜೀರೋವನ್ನು 14 ಸೆಕೆಂಡಿನಲ್ಲಿ ಗೆದ್ದ. ಜಗತ್ತಿನ ಅತಿ ಗಟ್ಟಿ ಕಾಲುಗಳಲ್ಲಿ ಒಂದು ಜೋಡಿಗೆ 44 ಹಲ್ಲು ಬೇಕಾಗಿದ್ದರೆ, ಶನಿವಾರ ಸೆಕೆಂಡ್ ಶಿಫ್ಟ್ ಮುಗಿಸಿ ಭಾನುವಾರ ನಂದಿಗೆ ಹೋಗುವ ಕಾಲಿಗೆ 28 ಸಾಕು ಎನ್ನುವುದು ಯಾವ ಧೈರ್ಯ?

ಸರಿ, ದೊಡ್ಡ ಹಲ್ಲು ಹಾಕಿಸುವುದು ಹೇಗೆ? ಇಲ್ಲಿ ಅವಸರ ಬೇಡ.

‘ಅಣ್ಣಾ, ಮೂವತ್ನಾಲ್ಕು ಹಲ್ಲಿಂದು ಹಾಕ್ಕೊಡಿ’ ಎಂದು ಅಂಗಡಿಗೆ ಹೋದರೆ ಕೆಲಸ ಬಲ್ಲ ಮೆಕ್ಯಾನಿಕ್ ಮೊದಲು ಕ್ಯಾಸೆಟ್ಟಿನ ಡಬ್ಬಿಗೆ ಕೈ ಹಾಕುವುದಿಲ್ಲ. ಸೈಕಲ್ ಹಿಂದೆ ಕುಕ್ಕರಗಾಲಲ್ಲಿ ಕೂರುತ್ತಾನೆ. ‘ಹಾಕೋಣ ಸಾರ್. ಡಿರೈಲರ್ ಗಿಡ್ಡ ಕೇಜಿಂದು ಇದ್ರೆ ಮಾತ್ರ ಕ್ಯಾಸೆಟ್ ತಗೊಂಡೋಗಿ ಶೋಕೇಸಲ್ಲಿ ಇಡ್ಬೇಕಾಗುತ್ತೆ.’ ಅವನ ಮಾತು ನಿಜ. ಹಿಂದಿನ ಡಿರೈಲರಿನಲ್ಲಿ ಎರಡು ಪುಟ್ಟ ಗಾಲಿಗಳನ್ನು ಹಿಡಿದಿರುವ ಉದ್ದನೆಯ ತಗಡಿಗೆ ಕೇಜ್ ಎನ್ನುತ್ತಾರೆ. ಗೇರು ತಯಾರಿಸುವ ಶಿಮಾನೊ ಕಂಪನಿಯದರಲ್ಲಿ ಗಿಡ್ಡದಕ್ಕೆ ಎಸ್‌ಎಸ್, ಉದ್ದದ್ದಕ್ಕೆ ಜಿಎಸ್ ಎಂಬ ಗುರುತು. ಉದಾಹರಣೆಗೆ ಹನ್ನೊಂದು ಗೇರಿನ 105 ಎಂಬ ಸೆಟ್ಟಿನ ಆರ್7000 ಸರಣಿಯಲ್ಲಿ ಎಸ್‌ಎಸ್ 30 ಹಲ್ಲಿನವರೆಗೆ, ಜಿಎಸ್ 34ರವರೆಗೆ. ಅದರ ಹಿಂದಿನ 5800 ಸರಣಿಯಲ್ಲಿ ಗಿಡ್ಡದು 28ಕ್ಕೆ, ಉದ್ದದ್ದು 32ಕ್ಕೆ ನಿಲ್ಲುತ್ತದೆ. ಡಿರೈಲರಿನ ಒಳಮಗ್ಗುಲಲ್ಲಿ ಮಾಡೆಲ್ ನಂಬರು ಅಚ್ಚಾಗಿರುತ್ತದೆ. ಎಣ್ಣೆ ಜಿಡ್ಡು ಒರೆಸಿ ಓದಿಕೊಂಡೇ ದುಡ್ಡು ಕೊಡಿ.

ಇನ್ನೊಂದು ಮಿತಿ, ಚೈನಿನ ಸಡಿಲವನ್ನು ಎಳೆದುಕೊಳ್ಳುವ ಶಕ್ತಿಯದು. ಮುಂದಿನ ಎರಡು ರಿಂಗಿನ ವ್ಯತ್ಯಾಸಕ್ಕೆ ಹಿಂದಿನ ದೊಡ್ಡ-ಚಿಕ್ಕ ಹಲ್ಲಿನ ವ್ಯತ್ಯಾಸ ಕೂಡಿಸಬೇಕು. 50-34ಕ್ಕೆ 16, 34-11ಕ್ಕೆ 23, ಒಟ್ಟು 39. ಆರ್7000 ಜಿಎಸ್‌ಗೆ ಕಂಪನಿ ಕೊಟ್ಟಿರುವ ಮಿತಿಯೂ 39. ಸರಿಯಾಗಿ ಗೆರೆಯ ಮೇಲೆ ಬಂದು ನಿಂತಿತು.

ಡಿರೈಲರ್ ಬದಲಿಸುವುದಾದರೆ ಮೌಂಟನ್ ಬೈಕಿನದು ತಂದು ಹಾಕೋಣ ಎಂಬ ಯೋಚನೆ ಬರುತ್ತದೆ. ಶಿಮಾನೊದ ಎಂಟು, ಒಂಬತ್ತು ಗೇರಿನ ಕಾಲದಲ್ಲಿ ಇದು ನಡೆಯುತ್ತಿತ್ತು, ಈಗಲೂ ಅದರ ಕ್ಲಾರಿಸ್, ಸೋರಾ ರೋಡ್ ಲಿವರಿಗೆ ಒಂಬತ್ತು ಗೇರಿನ ಮೌಂಟನ್ ಡಿರೈಲರ್ ಹೊಂದುತ್ತದೆ. ಮೌಂಟನ್ ಬೈಕು ಹತ್ತಕ್ಕೆ ಹೋದಾಗ ಕಂಪನಿ ಅದರ ಕೇಬಲ್ ಎಳೆತದ ಅಳತೆಯನ್ನೇ ಬದಲಿಸಿತು. ಹತ್ತು ಗೇರಿನ ಮೌಂಟನ್ ಡಿರೈಲರನ್ನು ರೋಡ್ ಲಿವರಿಗೆ ಕಟ್ಟಿದರೆ ಒಂದು ಕ್ಲಿಕ್ಕಿಗೆ ಒಂದು ಗೇರು ಎಂಬ ಒಪ್ಪಂದವೇ ಮುರಿದುಬೀಳುತ್ತದೆ. ರೋಡ್ ಸೆಟ್ಟುಗಳಲ್ಲಿ ಟಿಯಾಗ್ರಾ 4700 ಇನ್ನೂ ತಂಟೆಯದು: ಹತ್ತೇ ಗೇರು, ಆದರೆ ಎಳೆತ ಹನ್ನೊಂದರ ಅಳತೆಯದು. ಅದಕ್ಕೆ ಹಳೆಯ ಹತ್ತರ ಡಿರೈಲರ್ ಒಪ್ಪುವುದಿಲ್ಲ. ಬಿಡಿಭಾಗ ಒಂದೊಂದೇ ಕೊಂಡು ತಂದವರು ಜಗಳ ಮಾಡಿಕೊಂಡು ವಾಪಸು ಹೋಗುವುದು ಹೆಚ್ಚಾಗಿ ಈ ಕಾರಣಕ್ಕೆ.

ಗಿಡ್ಡ ಕೇಜನ್ನೇ ಉಳಿಸಿಕೊಂಡು, ಡಿರೈಲರ್ ನೇತಾಡುವ ಹ್ಯಾಂಗರಿನ ಕೆಳಗೆ ಎರಡು-ಮೂರು ಸೆಂಟಿಮೀಟರಿನ ಕೊಂಡಿಯೊಂದನ್ನು ಸೇರಿಸಿ ಡಿರೈಲರನ್ನು ಇಳಿಸುವ ಉಪಾಯವೂ ಇದೆ. ವುಲ್ಫ್ ಟೂತ್ ಎಂಬ ಅಮೆರಿಕದ ಕಂಪನಿಯ ರೋಡ್‌ಲಿಂಕ್ ಇದರಲ್ಲಿ ಹೆಸರು ಮಾಡಿತು, ಅದರ ನಕಲು ಎಲ್ಲೆಡೆ ಸಿಗುತ್ತದೆ. ದೊಡ್ಡ ಹಲ್ಲಿಗೆ ಡಿರೈಲರಿನ ಗಾಲಿ ತಾಗುವುದು ತಪ್ಪುತ್ತದೆ, ಚೈನು ಎಳೆದುಕೊಳ್ಳುವ ಶಕ್ತಿ ಮಾತ್ರ ಹೆಚ್ಚುವುದಿಲ್ಲ. ನಡೆಯುತ್ತದೆ, ಶಿಫ್ಟಿಂಗ್ ಸ್ವಲ್ಪ ಮಂಕಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಉದ್ದ ಕೇಜಿನ ಡಿರೈಲರ್ ಕೊಳ್ಳುವ ಅನುಕೂಲವಿದ್ದರೆ ಅದೇ ಸರಿ.

ಮುಂದಿನ ರಿಂಗಿನ ಕಡೆಯಿಂದಲೂ ಹಗುರ ಮಾಡಬಹುದು. ಆದರೆ ಹಳೆಯ 53-39 ಕ್ರ್ಯಾಂಕಿನ ಬೋಲ್ಟುಗಳ ವೃತ್ತ 130 ಮಿಲಿಮೀಟರ್. ಅದಕ್ಕೆ 38ಕ್ಕಿಂತ ಚಿಕ್ಕ ರಿಂಗು ಕೂರುವುದಿಲ್ಲ. 34 ಬೇಕೆಂದರೆ 110 ಮಿಲಿಮೀಟರಿನ ಕ್ರ್ಯಾಂಕೇ ಬೇಕು. 2019ರಲ್ಲಿ ಶಿಮಾನೊ ಮಣ್ಣುರಸ್ತೆ ಸವಾರರಿಗೆಂದು ತಂದ ಜಿಆರ್‌ಎಕ್ಸ್‌ನಲ್ಲಿ 46-30 ಬಂತು. ನಡುವಯಸ್ಸಿನ ಬೆಟ್ಟಪ್ರಿಯರಿಗೆ ಅದು ಹೇಳಿ ಮಾಡಿಸಿದ್ದು.

ಇನ್ನು ಏಳು ಗೇರಿನ ಅಗ್ಗದ ರೋಡ್ ಬೈಕ್ ಇದ್ದರೆ ಹಿಂದೆ ಇರುವುದು ಕ್ಯಾಸೆಟ್ಟಲ್ಲ, ಮರೆ ತಿರುಗಿಸಿ ಕೂರಿಸುವ ಫ್ರೀವೀಲ್ ಆಗಿರಬಹುದು. ಅದರಲ್ಲೂ 14ರಿಂದ 34ರವರೆಗಿನವು ಸಿಗುತ್ತವೆ, ಬಿಚ್ಚುವ ಟೂಲು ಬೇರೆ.

ಕೆಲಸ ನಡೆಯುವುದನ್ನು ಹತ್ತಿರದಿಂದ ನೋಡಲು ಚೆಂದ. ಚಕ್ರ ಕಳಚಿ, ಹಿಡಿಗೆ ಚೈನಿನ ತುಂಡು ಜೋಡಿಸಿದ ಒಂದು ಟೂಲನ್ನು ಹಲ್ಲುಗಳಿಗೆ ಸುತ್ತಿ ಎಡಗೈಲಿ ಹಿಡಿದು, ಬಲಗೈ ಸ್ಪ್ಯಾನರಿನಲ್ಲಿ ಲಾಕ್‌ರಿಂಗನ್ನು ಒತ್ತಿದರೆ ಕಟಕಟ ಎಂದು ಸಡಿಲವಾಗುತ್ತದೆ. ಹಳೆಯ ಹಲ್ಲುಚಕ್ರಗಳು ಒಂದೊಂದಾಗಿ ಈಚೆ ಬರುತ್ತವೆ, ನಡುವೆ ಕಪ್ಪು ಪ್ಲಾಸ್ಟಿಕ್ ಬಿಲ್ಲೆಗಳು, ಅವುಗಳ ಮೇಲೆ ವರ್ಷಗಳ ಮಸಿ. ಕ್ಯಾಸೆಟ್ ಕೂರುವ ಫ್ರೀಹಬ್ಬಿನ ಮೇಲಿನ ತೋಡುಗಳಲ್ಲಿ ಒಂದರ ಅಗಲ ಮಾತ್ರ ಉಳಿದವಕ್ಕಿಂತ ಬೇರೆ. ಹೊಸ ಕ್ಯಾಸೆಟ್ಟನ್ನು ಬೇರೆ ರೀತಿಯಲ್ಲಿ ಕೂರಿಸಲು ಹೋದರೂ ಅದು ಬಿಡುವುದಿಲ್ಲ. ಹನ್ನೊಂದು ಗೇರಿನ 11-34 ಎಚ್‌ಜಿ800 ಕ್ಯಾಸೆಟ್ಟಿಗೆ ಹನ್ನೊಂದರ ಫ್ರೀಹಬ್ಬಿನಲ್ಲಿ ಹಿಂದೆ 1.85 ಮಿಲಿಮೀಟರಿನ ಬಿಲ್ಲೆ ಹಾಕಲೇಬೇಕು. ಮರೆತರೆ ಲಾಕ್‌ರಿಂಗ್ ಬಿಗಿಯಾದರೂ ಕ್ಯಾಸೆಟ್ ಗಡಗಡ ಅಲ್ಲಾಡುತ್ತದೆ. ಬಿಗಿತ 40 ನ್ಯೂಟನ್-ಮೀಟರ್. ಪೀಣ್ಯದ ಕೈಗಳಿಗೆ ಅಂದಾಜಿದ್ದರೂ ಟಾರ್ಕ್ ರೆಂಚ್ ಇದ್ದರೆ ಬಳಸುವುದು ಒಳ್ಳೆಯದು.

ಚೈನನ್ನು ಅಲಕ್ಷ್ಯ ಮಾಡುವವರೇ ಹೆಚ್ಚು. ಹಿಂದೆ ಆರು ಹಲ್ಲು ಹೆಚ್ಚಿದರೆ ಚೈನು ಒಂದೂವರೆ ಇಂಚು ಹೆಚ್ಚು ಬೇಕು. ಹಳೆಯ ಗಿಡ್ಡ ಚೈನಿನಲ್ಲೇ ಹೊರಟವರು ಮುಂದೆ ದೊಡ್ಡದು, ಹಿಂದೆಯೂ ದೊಡ್ಡದಕ್ಕೆ ಮೈಮರೆತು ಒತ್ತಿದರೋ, ಚೈನು ಬಿಗಿದು ಹ್ಯಾಂಗರ್ ಮುರಿದು ಡಿರೈಲರ್ ಚಕ್ರದ ಕಡ್ಡಿಗಳೊಳಗೆ ಹೋಗುತ್ತದೆ. ಅದು ನಂದಿಯ ತಿರುವಿನಲ್ಲಿ ಆಗುವುದೇ ಹೆಚ್ಚು, ಅಲ್ಲಿ ಅಂಗಡಿಯಿಲ್ಲ. ಹಾಗಾಗಿ ಡಿರೈಲರಿಗೆ ಪೋಣಿಸದೆ ಎರಡೂ ದೊಡ್ಡ ಹಲ್ಲಿನ ಮೇಲೆ ಚೈನು ಸುತ್ತಿ, ಮೇಲೆ ಒಂದು ಜೋಡಿ ಲಿಂಕು ಬಿಟ್ಟು ಕತ್ತರಿಸಬೇಕು. ಆಮೇಲೆ ಡಿರೈಲರಿನ ಬಿ-ಸ್ಕ್ರೂ ಒಳಗೆ ತಿರುಗಿಸಿ ಮೇಲಿನ ಗಾಲಿಗೂ ದೊಡ್ಡ ಹಲ್ಲಿಗೂ ನಡುವೆ ಐದಾರು ಮಿಲಿಮೀಟರ್ ಸಂದು ಮಾಡಿಕೊಂಡರೆ ಗರಗರ ಸದ್ದು ನಿಲ್ಲುತ್ತದೆ.

ಕಳೆದುಕೊಳ್ಳುವುದೂ ಇದೆ, ಮುಚ್ಚಿಡುವುದಿಲ್ಲ. ಹನ್ನೊಂದು ಗೇರಿನ 11-28ರಲ್ಲಿ 11, 12, 13, 14, 15 ಎಂದು ಒಂದೊಂದೇ ಹಲ್ಲಿನ ಮೆಟ್ಟಿಲು. 11-34ರಲ್ಲಿ 11, 13, 15, 17 ಎಂದು ಎರಡೆರಡರ ಜಿಗಿತ. ತುಮಕೂರು ರಸ್ತೆಯಲ್ಲಿ ನೆಲಮಂಗಲದ ಕಡೆ ಗುಂಪಿನಲ್ಲಿ ವೇಗವಾಗಿ ಹೋಗುವಾಗ ಒಂದು ಗೇರು ಭಾರ, ಪಕ್ಕದ್ದು ಹಗುರ ಅನ್ನಿಸುವುದುಂಟು. ವಿಜಯಪುರ, ಬಾಗಲಕೋಟೆಯ ಬಯಲಿನಲ್ಲಿ ಗಾಳಿಗೆ ಎದೆಯೊಡ್ಡಿ ಬೆಳೆದ ನಮ್ಮ ರಾಜ್ಯದ ರೇಸ್ ಸವಾರರಿಗೆ ಆ ಒಂದು ಹಲ್ಲು ನಿಜಕ್ಕೂ ಮುಖ್ಯ. ವಾರಕ್ಕೊಮ್ಮೆ ಬೆಟ್ಟ ನೋಡುವವರಿಗೆ ಅಲ್ಲ. ಹಾಗೆಯೇ ಅತಿ ಹಗುರವಾದರೂ ಪ್ರಯೋಜನವಿಲ್ಲ. 34-34ರಲ್ಲಿ ನಿಮಿಷಕ್ಕೆ 50 ಸುತ್ತಿಗೆ ಇಳಿದರೆ ವೇಗ ಗಂಟೆಗೆ ಆರು ಕಿಲೋಮೀಟರ್ ಚಿಲ್ಲರೆ. ಅದಕ್ಕಿಂತ ಕೆಳಗೆ ಸಮತೋಲವೇ ತಪ್ಪುತ್ತದೆ, ಇಳಿದು ತಳ್ಳುವುದೇ ವಾಸಿ.

ಈ ಗೇರು ಒಮ್ಮೆ ಕೂತರೆ ನಂದಿಯೊಂದೇ ಅಲ್ಲ, ದೇವರಾಯನದುರ್ಗವೂ ಎಟುಕುತ್ತದೆ. ಬಾಗಲಗುಂಟೆಯಿಂದ ತುಮಕೂರು ರಸ್ತೆಯಲ್ಲೇ ದಾರಿ. 2008ರಿಂದ ನಡೆಯುತ್ತಿರುವ ಟೂರ್ ಆಫ್ ನೀಲ್ಗಿರೀಸ್ ಎಂಬ ಸೈಕಲ್ ಯಾತ್ರೆಯಲ್ಲಿ ಮಸಿನಗುಡಿಯಿಂದ ಊಟಿಗೆ ಏರುವ ಕಲ್ಹಟ್ಟಿಯ 36 ತಿರುವುಗಳ ಕನಸು ಕಾಣುವವರಿಗಂತೂ 34 ಹಲ್ಲು ಅಗತ್ಯವೇ ಸರಿ. ಅಲ್ಲಿ 28ರೊಂದಿಗೆ ಹೋದವರು ಶೂ ಸವೆಸುತ್ತಾರೆ.

ಹಾಕಿಸಿದ ಭಾನುವಾರವೇ ಬೆಟ್ಟಕ್ಕೆ ಹೋಗಬೇಡಿ. ಹೆಸರಘಟ್ಟದವರೆಗೆ ಹೋಗಿ ಬನ್ನಿ. ದಾರಿಯಲ್ಲಿ ದೊಡ್ಡ ಹಲ್ಲಿಗೆ ಹಾಕಿ, ನಿಂತು ತುಳಿದು, ಚೈನು ಕಡ್ಡಿಯ ಕಡೆ ಜಾರುತ್ತದೆಯೇ ನೋಡಿ. ಜಾರಿದರೆ ಡಿರೈಲರಿನ ಮೇಲೆ ಎಲ್ ಎಂದು ಬರೆದ ಸ್ಕ್ರೂ ಕಾಲು ಸುತ್ತು ಬಿಗಿ ಮಾಡಿ. ಹೊಸ ಕೇಬಲ್ ಹಾಕಿಸಿದ್ದರೆ ಮೊದಲ ವಾರ ಸ್ವಲ್ಪ ಹಿಗ್ಗುತ್ತದೆ, ಚೈನು ದೊಡ್ಡ ಹಲ್ಲಿಗೆ ಹತ್ತಲು ತಡವರಿಸುತ್ತದೆ. ಡಿರೈಲರಿನ ಹಿಂದೆ ಕೇಬಲ್ ಹೊಕ್ಕುವ ಕಡೆ ಇರುವ ಗುಂಡಗಿನ ಬ್ಯಾರೆಲನ್ನು ಅಪ್ರದಕ್ಷಿಣವಾಗಿ ಅರ್ಧ ಸುತ್ತು ತಿರುಗಿಸಿದರೆ ಸರಿಹೋಗುತ್ತದೆ. ಅದಕ್ಕೆ ಅಂಗಡಿಗೆ ಮತ್ತೆ ಹೋಗಬೇಕಿಲ್ಲ.